ಮೇಲಿನಿಂದ ಮೂರನೆಯದು

ಅಂಗಡಿಯಿಂದ, ಮಂಗಳವಾರ ಮಧ್ಯಾಹ್ನ, ತಾರೀಕು ಹದಿನಾಲ್ಕು

ಮುದ್ದಿನ ತಂಗೀ,

ಮೊನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀನು ಬಂದು ನಿನ್ನ ಕೋಣೆಯ ಬಾಗಿಲು ತೆಗೀತೀಯ, ಒಳಗೆ ಬರೀ ಗೋಡೆ. ನೀನು ಬೈಯಲೂ ಇಲ್ಲ, ಅದೇ ನನಗೆ ಹೆದರಿಕೆಯಾಗಿದ್ದು. ಹುಷಾರಾಗಿದ್ದೀಯಾ? ಹಡಗಿನಲ್ಲಿ ವಾಂತಿ ನಿಂತಿತಾ? ಸಮುದ್ರದ ಗಾಳಿಗೆ ಕಿವಿ ಕಟ್ಟಿಕೋ. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮೊಣಕಾಲು ಹಾಗೇ ಇದೆ. ನಿನ್ನ ಅತ್ತಿಗೆ ಹೊಸ ಕನ್ನಡಕ ಹಾಕಿಕೊಂಡು ನನ್ನ ಹೊಲಿಗೆಯ ತಪ್ಪೆಲ್ಲ ಹುಡುಕುತ್ತಿದ್ದಾಳೆ.

ಈಗ ನೀನು ಬಿಟ್ಟುಹೋದ ಕಂಪ್ಯೂಟರ್ ವಿಷಯ. ಹಳೆಯ ವಿಂಡೋಸ್ ಆಮೆಯ ಹಾಗೆ ತೆವಳುತ್ತಿತ್ತು, ಆಸ್ಪತ್ರೆಯ ಎಂಬತ್ತು ಕೋಟುಗಳ ಅಳತೆ ಕಾಗದ ಅದರಲ್ಲಿ ಬರಲೇ ಇಲ್ಲ. ಅದಕ್ಕೇ ನೀನು ಕೊಟ್ಟ ಪೆನ್‌ಡ್ರೈವ್ ಹಾಕಿ, ನೀನು ಬರೆದಿಟ್ಟ ಚೀಟಿ ನೋಡಿಕೊಂಡು, ಬಿಟ್ಟಿ ಸಿಗುವ ಆ ಲಿನಕ್ಸ್ ಹಾಕಲು ಕೂತೆ. ಡಿಸ್ಕು ಒಂದೇ ಥಾನು, ಅದರಲ್ಲಿ ಗುರುತು ಹಾಕಿದ ತುಂಡುಗಳು ಅಂತ ನೀನು ಹೇಳಿದ್ದು ನೆನಪಿತ್ತು: ಹಳೆಯದಕ್ಕೊಂದು, ಹೊಸದಕ್ಕೆ ಖಾಲಿ ಇಟ್ಟದ್ದೊಂದು, ನಿನ್ನ ಪಾಚಿಯ ಪ್ರಬಂಧಕ್ಕೊಂದು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ‘ಮೂರು ವರ್ಷದ್ದು ಎಲ್ಲ ಅದರಲ್ಲೇ ಇದೆ ಅಣ್ಣಾ, ಬೇರೆ ನಕಲಿಲ್ಲ, ಜೋಪಾನ’ ಅಂದಿದ್ದೆಯಲ್ಲ, ಆ ಮಾತು ಕಿವಿಯಲ್ಲೇ ಇತ್ತು.

ಪಟ್ಟಿಯ ಎಲ್ಲಕ್ಕಿಂತ ಮೇಲೆ ಇನ್ನೊಂದು ಚೂರಿತ್ತು, ಬರೀ ನೂರು ಎಂಬಿ, ಹೆಸರೂ ಇಲ್ಲ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ, ಅಂಚಿನ ಚಿಂದಿ ಕಂಡರೆ ಗುಡಿಸದೆ ಇರೋದಿಲ್ಲ. ಅಳಿಸಿಬಿಟ್ಟೆ. ಚೀಟಿಯಲ್ಲಿ ಅದರ ಮಾತೇ ಇರಲಿಲ್ಲ, ನಿನ್ನ ತಪ್ಪು ಅಂತಲ್ಲ, ಚಿಂದಿ ಬಗ್ಗೆ ಯಾರು ಎಚ್ಚರಿಕೆ ಬರೀತಾರೆ? ಆಮೇಲೆ, ಹೊಸದು ಹಾಕುವ ಮುಂಚೆ ಹಳೆಯದು ಸರಿಯಾಗಿದೆಯಾ ನೋಡೋಣ ಅಂತ ಪೆನ್‌ಡ್ರೈವ್ ತೆಗೆದು ಚಾಲು ಮಾಡಿದರೆ ಕಪ್ಪು ಪರದೆ, ಅದರಲ್ಲಿ ಒಂದು ಬಿಳಿ ಸಾಲು, ಶುರು ಮಾಡಲು ಏನೂ ಸಿಗಲಿಲ್ಲ ಅಂತ. ಓಡಿಹೋಗಿ ಪಕ್ಕದ ರೇಡಿಯೋ ರಿಪೇರಿ ಮಾವನನ್ನು ಕರೆತಂದೆ. ನೋಡಿ ನಕ್ಕ. ‘ಏನಯ್ಯಾ ಟೈಲರೇ, ಬೀಗದಕೈಯನ್ನು ಕಸಕ್ಕೆ ಹಾಕಿ ಬಾಗಿಲು ಬಡೀತಾ ಕೂತಿದ್ದೀಯಲ್ಲ.’ ಯಂತ್ರ ಎದ್ದ ಕೂಡಲೇ ಮೊದಲು ನೋಡೋದು ಆ ಚೂರನ್ನೇ ಅಂತೆ. ಅಂಥದ್ದೇ ಹೊಸದು ಮಾಡಿದರೆ ಆಯಿತು, ಮಿಕ್ಕ ತುಂಡುಗಳಿಗೆ ಏನೂ ಆಗಿಲ್ಲ ಅಂದ. ಸ್ವಲ್ಪ ಉಸಿರು ಬಂತು.

ಮತ್ತೆ ಪೆನ್‌ಡ್ರೈವ್ ಹಾಕಿ ಕೂತೆವು. ನಿನ್ನ ಚೀಟಿಯಲ್ಲಿ ‘ಮೇಲಿನಿಂದ ಮೂರನೆಯದನ್ನು ಅಳಿಸಿ ಅಲ್ಲಿಗೆ ಹಾಕು’ ಅಂತಿದೆ. ಮಾವ ‘ಓದಿದ ಹುಡುಗಿ ಬರೆದಿದ್ದಾಳೆ, ಒತ್ತು’ ಅಂದ. ಬೆರಳು ಗುಂಡಿಯ ಮೇಲಿತ್ತು ತಂಗೀ. ಕತ್ತರಿ ಹಾಕುವ ಮುಂಚೆ ಅಳತೆ ನೋಡುವ ಅಭ್ಯಾಸ, ನೋಡಿದೆ. ಮೂರನೆಯದರ ಎದುರು ನೂರ ತೊಂಬತ್ತು ಜಿಬಿ, ಎರಡನೆಯದರ ಎದುರು ಅರವತ್ತು. ನಾನು ಅಳಿಸಿದ ಚೂರು ಪಟ್ಟಿಯ ಕೊನೆಗೆ ಹೋಗಿ ಖಾಲಿ ಜಾಗ ಅಂತ ಕೂತಿತ್ತು. ಹಾಗಾದರೆ ಉಳಿದವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದಿವೆ, ಈಗಿನ ಮೂರನೆಯದು ನೀನು ಹೇಳಿದ ಖಾಲಿ ತುಂಡಲ್ಲ ಅಂತ ನನ್ನ ಲೆಕ್ಕ. ಆದರೆ ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಲೆಕ್ಕ ಅದು, ಅದನ್ನು ನಂಬಿ ನಿನ್ನ ಮೂರು ವರ್ಷವನ್ನು ಹೇಗೆ ಒತ್ತಲಿ? ಮಾವನಿಗೆ ಕೋಪ ಬಂತು, ಹೆದರುಪುಕ್ಕಲ ಅಂದು ಎದ್ದು ಹೋದ. ನಾನು ತಂತಿಯನ್ನೇ ಕಿತ್ತು ಸುತ್ತಿಟ್ಟೆ. ಎಂಬತ್ತು ಕೋಟಿನ ಅಳತೆಯನ್ನೂ ಕಂದು ಕಾಗದದ ಮೇಲೆ ಕೈಯಲ್ಲೇ ಬರೀತಿದ್ದೇನೆ. ಹದಿನೇಳು ಆಗಿವೆ, ಬೆನ್ನು ನೋಯುತ್ತಿದೆ, ಅತ್ತಿಗೆಗೆ ಹೇಳಬೇಡ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಅತ್ತಿಗೆಯದೂ ಸೇರಿಸಿಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಣ್ಣ

ಮರೆತಿದ್ದೆ: ಬಂದರಿಗೆ ಬಂದು ಈ ಕಾಗದ ಸಿಕ್ಕಿದ ಕೂಡಲೇ ಬರೆ. ನಿನ್ನ ಪ್ರಬಂಧ ಇರೋದು ಅರವತ್ತರದ್ದರಲ್ಲೋ, ನೂರ ತೊಂಬತ್ತರದ್ದರಲ್ಲೋ? ಅಂಕಿಯಲ್ಲಿ ಬೇಡ, ಅಕ್ಷರದಲ್ಲಿ ಬರೆ. ಬರೆದಾದ ಮೇಲೆ ಇನ್ನೊಂದು ಸಲ ನೋಡು.