ಒಂದೇ ಕೈಯ ತಿಂಡಿ

ಶನಿವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ ಆರೂಕಾಲು, ಅಡುಗೆಮನೆಯಿಂದ

ನನ್ನ ಚಿನಕುರಳಿಗೆ ಅಮ್ಮನ ಮುದ್ದು.

ಬೈಬೇಡ. ನಿನ್ನ ಮೂರು ಮೆಸೇಜು, ಒಂದು ಕಾಗದ ಎಲ್ಲಾ ಬಂದಿದೆ. ಎಲ್ಲಾ ಓದಿದೀನಿ, ಒಂದಕ್ಕೂ ಉತ್ತರ ಕೊಟ್ಟಿಲ್ಲ. ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದೀನಿ, ನಲ್ಲೀಲಿ ನೀರು ಬಂತು, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಟ್ಟೆ. ಮೂರು ವಾರದಿಂದ ಹೊತ್ತಲ್ಲದ ಹೊತ್ತಲ್ಲಿ ನೀರು ಬರ್ತಾನೇ ಇದೆಯಲ್ಲ ಅಂತ ನಿನಗೂ ಅನುಮಾನ ಬಂದಿರಬೇಕು. ಏನು ಮಾಡ್ಲಿ ಹೇಳು. ಆಂಬುಲೆನ್ಸ್ ಬೇಕು ಅಂತ ಫೋನ್ ಮಾಡೋರ ಧ್ವನಿ ಕೇಳಿ, ಆ ಕಡೆ ಏನಾಗಿದೆ ಅಂತ ಹಿಡಿಯೋದೇ ನಿನಗೀಗ ನೌಕರಿ. ಅಂಥವಳ ಹತ್ರ ನಾನು ಬಾಯಿಬಿಟ್ಟು ಸುಳ್ಳು ಹೇಳಿ ದಕ್ಕಿಸಿಕೊಳ್ಳೋಕಾಗುತ್ತಾ? ಅದಕ್ಕೇ ಕಾಗದ ಬರೀತಿದೀನಿ.

ಮೊದಲು ನಿನ್ನ ವಿಷಯ. ಬೆಳಿಗ್ಗೆ ಆರಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಹತ್ತೂವರೆ ತನಕ ಏಳೋ ಹಾಗಿಲ್ಲ, ಎಂಟನೇ ದಿನ ತಲೆ ಸುತ್ತಿ ಮೇಜಿನ ಮೇಲೇ ಬಿದ್ದೆ ಅಂತ ಬರೆದಿದೀಯ. "ಕೂತಲ್ಲೇ ತಿನ್ನೋವಂಥದ್ದು ಏನಾದ್ರೂ ಹೇಳಮ್ಮ. ಸದ್ದಾಗಬಾರದು, ವಾಸನೆ ಬರಬಾರದು, ಕೀಬೋರ್ಡ್ ಮೇಲೆ ಉದುರಬಾರದು" ಅಂತ ಅಪ್ಪಣೆ ಬೇರೆ. ಸರಿಯಾಗೇ ಹೇಳಿದೀಯ. ಆ ಕಡೆ ಯಾರೋ "ನಮ್ಮಪ್ಪನಿಗೆ ಉಸಿರಾಡೋಕಾಗ್ತಿಲ್ಲ" ಅಂತ ಕೂಗ್ತಿದ್ರೆ, ಈ ಕಡೆ ನೀನು ಕರಂಕುರುಂ ಅಂತ ಅಗೀತಾ ಕೂತರೆ ಚೆನ್ನಾಗಿರಲ್ಲ. ಕಾಗದದ ಕೊನೇಲಿ ಇನ್ನೊಂದು ಕೇಳಿದೀಯ, ಹೊರಡೋ ದಿನ ನೀನು ನನಗೆ ಕಟ್ಟಿಕೊಟ್ಟ ತಿಂಡಿ ಬಾಟಲಿ ಹೇಗಿತ್ತು ಅಂತ. ಅದಕ್ಕೆ ಆಮೇಲೆ ಬರ್ತೀನಿ.

ಐದು ದಿನದಿಂದ ಈ ಅಡುಗೆಮನೆ ಪ್ರಯೋಗಶಾಲೆ ಆಗಿದೆ. ಸದ್ದು ಪರೀಕ್ಷೆ ಮಾಡೋಕೆ ನಿಮ್ಮ ಚಿಕ್ಕಮ್ಮನಿಗೆ ಫೋನ್ ಹಚ್ಚಿ, ಫೋನನ್ನ ಕೆನ್ನೆಗೆ ಒತ್ತಿ ಹಿಡಿದು ತಿಂದು ನೋಡಿದೆ. ಮೊದಲನೇದು ಟೋಸ್ಟು. "ಅಕ್ಕಾ, ಪಕ್ಕದ ಮನೆ ಕೆಡವ್ತಿದಾರಾ?" ಅಂದಳು. ಅದು ಹೊರಗೆ. ಫ್ಲಾಸ್ಕಿಗೆ ಗಂಜಿ ಹಾಕಿ ದಪ್ಪ ಕೊಳವೆಯಲ್ಲಿ ಹೀರಿದೆ. "ಯಾರದು, ಎಮ್ಮೆ ನೀರು ಕುಡೀತಿರೋದು?" ಅಂದಳು. ಅದೂ ಹೊರಗೆ. ಆಲೂಗಡ್ಡೆ ಬೇಯಿಸಿ, ಕಡಲೇಕಾಯಿ ಪುಡಿ ಕಲಸಿ, ಉಂಡೆ ಕಟ್ಟಿ ಬಾಣಲೇಲಿ ಸ್ವಲ್ಪ ಕೆಂಪಗೆ ಮಾಡಿದೆ. ಅದಕ್ಕೆ ಅವಳು ಏನೂ ಅನ್ನಲಿಲ್ಲ. ಆಮೇಲೆ ನೋಡಿದ್ರೆ ನಾನು ಬರೀ ಅಗೀತೀನಿ, ಮಾತೇ ಆಡಲ್ಲ ಅಂತ ಬೇಜಾರಾಗಿ ಫೋನ್ ಇಟ್ಟು ಎದ್ದು ಹೋಗಿದ್ದಳಂತೆ.

ಗೆದ್ದಿದ್ದು ಯಾವುದು ಗೊತ್ತಾ? ಬ್ರೆಡ್ಡಿನ ಅಂಚು ಕತ್ತರಿಸಿ ಬಿಸಾಕು. ಲಟ್ಟಣಿಗೆ ಇಟ್ಟು ಕಾಗದದಷ್ಟು ತೆಳ್ಳಗೆ ಒತ್ತು. ಮಾಗಿದ ಬಾಳೆಹಣ್ಣು ಕಿವಿಚಿ ಸವರು, ಮೇಲೆ ಒಂದಿಷ್ಟು ಕಡಲೇಕಾಯಿ ಪುಡಿ ಉದುರಿಸಿ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತು. ಎರಡೆರಡು ಬೆರಳು ಅಗಲಕ್ಕೆ ಕೊಯ್ದಿಟ್ಟುಕೋ. ಬಾಯಿಗೆ ಹಾಕಿದ್ರೆ ಬೆಣ್ಣೆ, ಸದ್ದಿಲ್ಲ, ಉದುರಲ್ಲ. ಎರಡನೇದು, ರಾತ್ರಿ ಉಳಿದ ಅನ್ನ. ಹೆಂಚಿನ ಮೇಲೆ ತೆಳ್ಳಗೆ ಮೊಟ್ಟೆ ಹುಯ್ದು ಅದರಲ್ಲಿ ಅನ್ನ ಸುತ್ತಿ ಒದ್ದೆ ಬಟ್ಟೇಲಿ ಬಿಗಿದಿಡು, ಬೆಳಿಗ್ಗೆ ಕೊಯ್ಯಿ. ಎಂಟು ಗಂಟೆಯೊಳಗೆ ತಿಂದು ಮುಗಿಸು, ಹತ್ತಾದ್ರೆ ವಾಸನೆ ಬಂದು ಪಕ್ಕದವಳು ಮೂಗು ಮುರೀತಾಳೆ. ತೀರಾ ಏನೂ ಆಗದ ದಿನ ಖರ್ಜೂರದ ಬೀಜ ತೆಗೆದು ಅದರೊಳಗೆ ಬೆಣ್ಣೆ ತುಂಬಿಟ್ಟುಕೋ, ದವಡೇಲಿ ಒತ್ತರಿಸಿಕೊಂಡು ಮಾತಾಡಬಹುದು. ಏನನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡ, ಚರಚರ ಅನ್ನುತ್ತೆ. ಹಳೇ ಕಾಟನ್ ಬಟ್ಟೆ ಸಾಕು.

ಎದ್ದು ಹೋಗಿ ಬಾಗಿಲ ತನಕ ನಡೆದು ಬಂದೆ ಈಗ. ಕೂರೋಕೇ ಆಗ್ತಿಲ್ಲ. ಒಂದು ಸಾಲು ಬರೆಯೋದು, ಏಳೋದು. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರ ಆಗಿಬಿಡುತ್ತೆ, ಹೋಗೋಕೆ ಜಾಗ ಇಲ್ಲ. ಪಾತ್ರೆ ತೊಳೆದಿದ್ದನ್ನೇ ತೊಳೀತೀನಿ. ನಿನ್ನೆ ಮಂಚ ಈ ಗೋಡೆಯಿಂದ ಆ ಗೋಡೆಗೆ ಎಳೆದೆ, ಸಂಜೆ ವಾಪಸ್ ಎಳೆದೆ.

ನೀನು ಕೇಳೋಕೆ ಮುಂಚೆ ನಾನೇ ಹೇಳ್ತೀನಿ. ಮೂರು ವಾರದಿಂದ ಮನೇಲೇ ಇದೀನಿ. ಗಾಬರಿ ಬೀಳಬೇಡ, ನನ್ನ ಕೈಕಾಲು ನೆಟ್ಟಗಿದೆ. ನೀನು ಹೊರಟ ದಿನ ರೈಲಿಗೆ ಬರ್ತೀನಿ ಅಂದವಳು ಬರಲಿಲ್ಲ ಅಲ್ವಾ? ಸಂಜೆ ಫೋನಲ್ಲಿ "ಓವರ್‌ಟೈಮ್ ಬಿತ್ತು ಕಣೇ" ಅಂದೆ. ಓವರ್‌ಟೈಮ್ ಅಲ್ಲ. ಅವತ್ತು ಬೆಳಿಗ್ಗೆ ಎಂಟಕ್ಕೆ ಕ್ರೇನಿನ ಕೊಕ್ಕೆಯಲ್ಲಿದ್ದ ಕಬ್ಬಿಣದ ಕಂಬಿ ಕಟ್ಟು ಪಕ್ಕಕ್ಕೆ ತೂಗಿ ನಮ್ಮ ಸೀಟಿಯಣ್ಣನಿಗೆ ಬಡೀತು. ಬಲಗಾಲು ಎರಡು ಕಡೆ ಮುರಿದಿದೆ. ನಾನು ಮೇಲಿದ್ದೆ. ಕ್ರೇನ್ ನನ್ನ ಕೈಯಲ್ಲಿತ್ತು.

ಸೀಟಿ ಮಾಮ ನಿನಗೆ ಗೊತ್ತಲ್ಲ. ನೀನು ಮೂರನೇ ಕ್ಲಾಸಲ್ಲಿದ್ದಾಗ ಒಂದು ಹಳದಿ ಸೀಟಿ ತಂದುಕೊಟ್ಟಿದ್ದ, ನೀನದನ್ನ ಊದಿ ಊದಿ ಇಡೀ ಓಣಿ ತಲೆ ಕೆಡಿಸಿದ್ದೆ. ನಿಮ್ಮಪ್ಪ ತೀರಿಕೊಂಡ ವರ್ಷ ನಾನು ಮೊದಲನೇ ಸಲ ಕ್ರೇನ್ ಹತ್ತಿದಾಗ ಕೆಳಗೆ ನಿಂತು ಸನ್ನೆ ಮಾಡಿದವನು ಅವನೇ. ಹದಿನಾಲ್ಕು ವರ್ಷ ಅವನು ನನ್ನ ಕಣ್ಣು. ಅಷ್ಟು ಮೇಲಿಂದ ನನಗೆ ಮನುಷ್ಯರು ಗುಂಡುಪಿನ್ನಿನ ತಲೆಯಷ್ಟೇ ಕಾಣೋದು, ಅವನ ಕೈ, ಅವನ ಸೀಟಿ, ವಾಕಿಟಾಕೀಲಿ ಅವನ ಗೊಗ್ಗರು ಗಂಟಲು ನಂಬಿಕೊಂಡೇ ನಾನು ಕೆಲಸ ಮಾಡಿದ್ದು.

ತಿಂಡಿ ವಿಷಯದಲ್ಲಿ ನನಗೆ ಕಟ್ಟಪ್ಪಣೆ ಹಾಕಿದವನೂ ಅವನೇ. ಏಣಿ ಹತ್ತೋಕೆ ಇಪ್ಪತ್ತು ನಿಮಿಷ, ಒಂದು ಸಲ ಹತ್ತಿದ್ರೆ ಮಧ್ಯಾಹ್ನದ ತನಕ ಇಳಿಯೋ ಹಾಗಿಲ್ಲ, ತಿಂಡಿ ಮೇಲೇ ಆಗಬೇಕು. "ನೋಡು ತಂಗೀ, ಕೊಕ್ಕೆ ಖಾಲಿ ಇದ್ದಾಗ ಮಾತ್ರ ತಿನ್ನು. ಅದೂ ಒಂದೇ ಕೈಯಲ್ಲಿ. ಇನ್ನೊಂದು ಕೈ ಕ್ರೇನ್ ತಿರುಗಿಸೋ ಲಿವರ್ ಬಿಡಬಾರದು" ಅಂದಿದ್ದ. ಅವತ್ತಿಂದ ನಮ್ಮನೆ ತಿಂಡಿಯೆಲ್ಲ ಒಂದೇ ಕೈಯ ತಿಂಡಿ. ಉಂಡೆ, ಸುರುಳಿ, ತುಂಡು. ನಿನಗೂ ಅದನ್ನೇ ಕಟ್ಟಿ ಕಳಿಸ್ತಿದ್ದೆ, ಎರಡು ಅಡುಗೆ ಮಾಡೋಕೆ ಹೊತ್ತೆಲ್ಲಿತ್ತು? ಒಂದಿನ ನೀನು ಸ್ಕೂಲಿಂದ ಬಂದು "ಎಲ್ಲರೂ ತಟ್ಟೆ ಇಟ್ಕೊಂಡು ಕೂತು ತಿಂತಾರೆ, ನಾನೊಬ್ಬಳೇ ಕಳ್ಳಿ ಥರ ಉಂಡೆ ಬಾಯಿಗೆ ಹಾಕ್ಕೋತೀನಿ" ಅಂತ ಅತ್ತಿದ್ದೆ. ನಾನು ಗದರಿಬಿಟ್ಟಿದ್ದೆ. ಈಗ ನೀನೇ ಉಂಡೆ ಬೇಕು ಅಂತ ಕಾಗದ ಬರೀತೀಯ, ನಗು ಬಂತು, ಅಳೂನೂ ಬಂತು.

ಇನ್ನು ನನ್ನ ತಲೆ ತಿಂತಿರೋ ವಿಷಯ. ಆಸ್ಪತ್ರೆಗೆ ಸಾಗಿಸುವಾಗಲೇ ಸೀಟಿಯಣ್ಣ ಸೂಪರ್‌ವೈಸರ್ ಮುಂದೆ ಹೇಳಿಬಿಟ್ಟಿದಾನೆ, "ತಪ್ಪು ನಂದು, ತಡಿ ಅನ್ನಬೇಕಾದ ಕಡೆ ತಿರುಗಿಸು ಅಂತ ಸನ್ನೆ ಮಾಡಿದೆ" ಅಂತ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸನ್ನೆ ತಪ್ಪಿದವನಲ್ಲ ಅವನು. ಅವತ್ತೂ ತಪ್ಪಿಲ್ಲ. ಅದು ನನಗೊಬ್ಬಳಿಗೇ ಗೊತ್ತು. ವಿಚಾರಣೆ ಮುಗಿಯೋ ತನಕ ಕ್ರೇನಿಗೆ ಬೀಗ ಹಾಕಿದಾರೆ, ನನಗೆ ರಜೆ ಕೊಟ್ಟಿದಾರೆ. ಸೋಮವಾರ ಹತ್ತು ಗಂಟೆಗೆ ನಾನು ಹೇಳಿಕೆ ಬರೆದುಕೊಡಬೇಕು.

ಮೊನ್ನೆ ಬುಧವಾರ ಆಸ್ಪತ್ರೆಗೆ ಅವನನ್ನ ನೋಡೋಕೆ ಹೋಗಿದ್ದೆ. ಬಾಳೆಹಣ್ಣಿನ ಸುರುಳಿ ತಗೊಂಡು ಹೋಗಿದ್ದೆ. ಮಲಗಿದಲ್ಲೇ ನಾಲ್ಕು ತಿಂದ. "ಎರಡು ಕೈಯೂ ಖಾಲಿ ಇದೆ ನನಗೀಗ, ಒಂದೇ ಕೈಯಲ್ಲಿ ತಿನ್ನೋದು ತಂದಿದೀಯಲ್ಲ" ಅಂತ ನಕ್ಕ. ನನಗೆ ನಗೋಕಾಗಲಿಲ್ಲ. "ಅಣ್ಣಾ, ನೀನ್ಯಾಕೆ ಹಂಗಂದೆ?" ಅಂದೆ. ಗೋಡೆ ಕಡೆ ತಿರುಗಿ ಹೇಳಿದ, "ನನ್ನ ಸರ್ವೀಸು ಇನ್ನೆರಡು ವರ್ಷ. ನಿಂದು ಹನ್ನೆರಡು. ಹುಡುಗಿ ಈಗ ತಾನೇ ಕೆಲಸಕ್ಕೆ ಸೇರಿದಾಳೆ. ಸುಮ್ನೆ ಬಾಯಿ ಮುಚ್ಕೊಂಡಿರು." ಅಷ್ಟೊತ್ತಿಗೆ ಅವನ ಹೆಂಡತಿ ಹೊರಗಿಂದ ಬಂದು ಕೂತು ಉಗುರಿಂದ ಕಿತ್ತಳೆ ಸಿಪ್ಪೆ ಬಿಡಿಸೋಕೆ ಶುರು ಮಾಡಿದ್ರು. ನನ್ನ ಮುಖ ನೋಡಿ, "ಮನುಷ್ಯನ ನಿದ್ದೆ ಹೋಗಿದೆ ಕಣಮ್ಮ. ಕಾಲು ನೋವಿಗಲ್ಲ. ‘ಸನ್ನೆ ತಪ್ಪಿದ ಮುದುಕ’ ಅಂತ ಹುಡುಗರು ಆಡಿಕೊಳ್ತಾರೆ ಅಂತ" ಅಂದ್ರು. ಅವರಿಗೆ ಏನೂ ಗೊತ್ತಿಲ್ಲ. ನನಗೆ ಒಂದು ತೊಳೆ ಕಿತ್ತಳೆ ಕೊಟ್ರು. ಅದನ್ನ ಕೈಯಲ್ಲೇ ಹಿಡ್ಕೊಂಡು ಬಸ್ ಸ್ಟಾಪ್ ತನಕ ಬಂದೆ.

ಸೂಪರ್‌ವೈಸರ್ ಒಳ್ಳೇವನೇ. "ಎರಡು ಸಾಲು ಬರೆದುಕೊಡಿ ಅಮ್ಮ, ಅವರು ಹೇಳಿದ್ದೇ ನಿಜ ಅಂತ. ಮಂಗಳವಾರ ಮೇಲೆ ಹತ್ತಿ" ಅಂದ. ಎರಡೇ ಸಾಲು! ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದು ಹಾಕಿದೆ. ಆ ಕಾಗದದ ಚೂರಿನ ಪಕ್ಕದಲ್ಲೇ ನಿನಗೆ ಸುರುಳಿ ಸುತ್ತಿ ನೋಡ್ತಾ ಇದ್ದೆ. ಕೈಗೆ ಏನಾದ್ರೂ ಕೆಲಸ ಇಲ್ಲದಿದ್ರೆ ತಲೆ ಕೆಟ್ಟೇ ಹೋಗುತ್ತೆ ನನಗೆ.

ಹಾಂ, ಮರೀತಿದ್ದೆ, ನೀರು ಜಾಸ್ತಿ ಕುಡಿ. ಮೇಲಿನವರು ಬೈದ್ರೆ ಬೈಯಲಿ. ಪಕ್ಕದ ಸೀಟಿನ ಹುಡುಗಿಗೂ ಎರಡು ಸುರುಳಿ ಕೊಡು, ಒಬ್ಬಳೇ ತಿನ್ನಬೇಡ. ಮತ್ತೆ ತಲೆ ಸುತ್ತಿದ್ರೆ ಹೆಡ್‌ಫೋನ್ ತೆಗೆದಿಟ್ಟು "ನನಗೆ ಹುಷಾರಿಲ್ಲ" ಅಂತ ಬಾಯಿಬಿಟ್ಟು ಹೇಳು, ತಡ್ಕೊಂಡು ಕೂರಬೇಡ. ನಿನ್ನ ಕೈಯಲ್ಲಿ ಬೇರೆಯವರ ಜೀವ ಇರುತ್ತೆ. ಹೊಟ್ಟೆ ತುಂಬಾ ತಿಂದು, ಕಣ್ಣು ತುಂಬಾ ನಿದ್ದೆ ಮಾಡಿ, ನೂರು ಕಾಲ ಬಾಳು ನನ್ನ ಕಂದ. ನಿನ್ನ ಫೋನಿಗೆ ಬಂದ ಪ್ರತಿಯೊಬ್ಬರೂ ಬದುಕಿಕೊಳ್ಳಲಿ.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಬಾಟಲಿ ಹೇಗಿತ್ತು ಅಂತ ಕೇಳಿದ್ದೆಯಲ್ಲ. ಗೊತ್ತಿಲ್ಲ ಮಗಳೇ. ತಿನ್ನಲೇ ಇಲ್ಲ.

ಹಾಲಲ್ಲಿ ನೆನೆಸಿದ ಓಟ್ಸು, ಬಾಳೆಹಣ್ಣು ಬಿಲ್ಲೆ, ಮೇಲೆ ಖರ್ಜೂರ. ಗಾಜಿನೊಳಗಿಂದ ಎಲ್ಲಾ ಕಾಣ್ತಿತ್ತು. ಮುಚ್ಚಳದ ಮೇಲೆ ನಿನ್ನ ಚೀಟಿ, "ಅಮ್ಮ, ಇವತ್ತೊಂದಿನ ನಿಧಾನಕ್ಕೆ ತಿನ್ನು" ಅಂತ. ನನ್ನ ಮದುವೆ ಆದಾಗಿನಿಂದ ಯಾರೂ ನನಗೆ ತಿಂಡಿ ಕಟ್ಟಿಕೊಟ್ಟಿರಲಿಲ್ಲ ಕಣೇ. ಕೊಕ್ಕೆ ಖಾಲಿ ಆಗೋ ತನಕ ಕಾಯೋಕೆ ನನ್ನ ಕೈಲಿ ಆಗಲಿಲ್ಲ. ಕಂಬಿ ಕಟ್ಟು ನೆಲದಿಂದ ಒಂದಾಳೆತ್ತರದಲ್ಲಿ ನಿಂತಿತ್ತು. ಸೀಟಿಯಣ್ಣ "ತಡಿ" ಅಂದಿದ್ದ. ಸರಿಯಾಗೇ ಅಂದಿದ್ದ. ಅಷ್ಟರಲ್ಲಿ ಒಂದು ಚಮಚ ತಿಂತೀನಿ ಅಂದುಕೊಂಡೆ. ತಿರುಗಿಸೋ ಮುಚ್ಚಳ ಅದು, ಒಂದು ಕೈಗೆ ಬರಲಿಲ್ಲ. ಎರಡೂ ಕೈ ಹಾಕಿದೆ. ಬಿಗಿಯಾಗಿತ್ತು, ಜೋರಾಗಿ ತಿರುವಿದೆ, ಮೊಣಕೈ ಹೋಗಿ ಲಿವರ್‌ಗೆ ಬಡೀತು. ಸೀಟಿ ಕೇಳಿಸ್ತು. ಆಮೇಲೆ ಸೀಟಿ ನಿಂತುಹೋಯ್ತು.

ನಿನಗೆ ಸಾಯೋ ತನಕ ಹೇಳಬಾರದು ಅಂತಿದ್ದೆ. ಆದ್ರೆ ನಿನ್ನ ಕಾಗದಕ್ಕೆ ಉತ್ತರ ಬರೀತಾ ಬರೀತಾ ಗೊತ್ತಾಯ್ತು, ಆ ಎರಡು ಸಾಲು ನನ್ನ ಕೈಯಲ್ಲಿ ಬರೆಯೋಕಾಗಲ್ಲ. ಸೋಮವಾರ ಇದ್ದದ್ದು ಇದ್ದ ಹಾಗೆ ಬರೆದುಕೊಡ್ತೀನಿ. ಅದರಲ್ಲಿ ಬಾಟಲಿ ಬರುತ್ತೆ, ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳೋದು ಬೇಡ. ಬಾಟಲಿ ನಿಂದು, ತಪ್ಪು ನಂದು. ನಿನ್ನದು ಕೂದಲೆಳೆಯಷ್ಟೂ ಇಲ್ಲ. "ನಾನು ಕೊಡದೇ ಇದ್ದಿದ್ರೆ" ಅಂತ ಒಂದು ಸಲ ಬಾಯಿ ತೆಗೆದ್ರೂ ಅಲ್ಲಿಗೇ ಬಂದು ಕಿವಿ ಹಿಂಡ್ತೀನಿ.

ಇನ್ನು ಮೇಲೆ ನನ್ನನ್ನ ಕ್ರೇನ್ ಹತ್ತಿಸಲ್ಲ. ಕೆಳಗೇ ಏನಾದ್ರೂ ಕೆಲಸ ಕೊಡ್ತಾರೆ, ಇಲ್ಲಾ ಅದೂ ಇಲ್ಲ. ರಜೆಗೆ ಬಂದಾಗ ಆ ಓಟ್ಸನ್ನೇ ಇನ್ನೊಂದು ಸಲ ಮಾಡಿಕೊಡು. ಅದೇ ಬಾಟಲಿ ತೊಳೆದಿಟ್ಟಿದೀನಿ, ಮುಚ್ಚಳ ಎಷ್ಟು ಬಿಗಿ ಇದ್ರೂ ಪರವಾಗಿಲ್ಲ. ಆಗ ನನ್ನ ಎರಡೂ ಕೈ ಖಾಲಿ ಇರುತ್ತೆ.