ಸೇವಂತಿಗೆ ಅಂಜನದಲ್ಲಿ ಕಂಡದ್ದು

ಸುಳ್ಯ
೧೯ ಮಾರ್ಚ್ ೧೯೫೯

ಅಕ್ಕ ಪೂವಮ್ಮನಿಗೆ,

ನಮ್ಮ ಬೀದಿಯ ಅದ್ರಾಮನ ಕಾಣೆಯಾದ ಆಡು ಕಳೆದ ಶುಕ್ರವಾರ ತಾನಾಗಿಯೇ ಮನೆಗೆ ಬಂದಿದೆ. ಮೊದಲು ನೋಡಿ ಹೇಳಿದವಳು ಅವನ ಹೆಂಡತಿ ರುಖಿಯಮ್ಮ. ನಿನ್ನ ಮಗಳು ಸೇವಂತಿ ಅಂಜನ ನೋಡಿ ಅದನ್ನು ಹುಡುಕಿಕೊಟ್ಟಳು ಎಂದು ನಿಮ್ಮ ಪಂಜದವರೆಗೆ ಬಂದ ಸುದ್ದಿ ಸುಳ್ಳು. ಪತ್ರಿಕೆಗೆ ಸುದ್ದಿ ಬರೆಯುವ ನನ್ನ ಮನೆಯಿಂದಲೇ ಅದು ಹೊರಟದ್ದು ನನಗೇನೂ ಮರ್ಯಾದೆಯ ವಿಷಯವಲ್ಲ.

"ಹುಡುಗಿಯನ್ನು ಶಾಲೆ ಬಿಡಿಸಿ ಶನಿವಾರದ ಬಸ್ಸಿಗೆ ಹತ್ತಿಸು, ಇಲ್ಲಿ ದನ ಕಾಣೆಯಾದವರು ಬಂದು ಜಗಲಿಯಲ್ಲಿ ಕೂತಿದ್ದಾರೆ" ಎಂದು ನೀನು ಇಲ್ಲಿಗೆ ಬರುತ್ತಿದ್ದ ನೀಲಾವತಿಯ ಹತ್ತಿರ ಹೇಳಿ ಕಳುಹಿಸಿದ್ದೀ. ಅದಕ್ಕೇ ಈ ಕಾಗದ.

ಹತ್ತು ವರ್ಷ ತುಂಬಿ, ನನ್ನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದರೂ ಸೇವಂತಿಗೆ ಓದು ಹತ್ತದಿರುವುದು ನಿನಗೆ ಗೊತ್ತು. ಕೇಳಿದ ಪಾಠವನ್ನು ತಿರುಗಿ ಹೇಳುತ್ತಾಳೆ. ಪುಸ್ತಕ ಬಿಡಿಸಿದರೆ ಒಂದೇ ಸಾಲಿನಲ್ಲಿ ಸಿಕ್ಕಿಬೀಳುತ್ತಾಳೆ. ಅಕ್ಷರಗಳು ಕೂತಲ್ಲಿ ಕೂರುವುದಿಲ್ಲವಂತೆ. ನೆರೆಮನೆಯ ಡೊಂಬಯ್ಯಜ್ಜ ಇದಕ್ಕೊಂದು ಸಿದ್ಧಾಂತ ಕಟ್ಟಿದರು: "ದೇವರು ಒಂದು ಕೈಯಲ್ಲಿ ಹಿಡಿದರೆ ಇನ್ನೊಂದು ಕೈಯಲ್ಲಿ ಬಿಡ್ತಾನೆ ಮಾರಾಯ. ಇವಳಿಗೆ ಎಂತದೋ ಉಂಟು."

ಎಂತ ಉಂಟು ಎಂದು ಬೀದಿಯೇ ಹುಡುಕಲು ಹೊರಟಿತು. ಸಂಗೀತ ಇರಬಹುದೆಂದು ಹಾಡಿಸಿದರು. ತೊಟ್ಟಿಲಿನ ಕೂಸು ಎದ್ದು ಅತ್ತಿತು. ಲೆಕ್ಕ ಇರಬಹುದೆಂದು ನೆಲಕಡಲೆ ಎಣಿಸಲು ಕೊಟ್ಟರು; ಎಣಿಸುತ್ತ ಎಣಿಸುತ್ತ ತಿಂದು ಮುಗಿಸಿದಳು.

ಆಗಲೇ ಅದ್ರಾಮನ ಆಡು ಕಾಣೆಯಾಯಿತು. ಕಳೆದುಹೋದದ್ದನ್ನು ಅಂಜನದಲ್ಲಿ ಕಾಣಲು ಮಕ್ಕಳ ಕಣ್ಣೇ ಬೇಕಲ್ಲ. ಡೊಂಬಯ್ಯಜ್ಜ ವೀಳ್ಯದೆಲೆಗೆ ಎಣ್ಣೆ, ಮಸಿ ಹಚ್ಚಿ ಅವಳ ಮುಂದೆ ಹಿಡಿದರು.

"ಎಂತ ಕಾಣ್ತದೆ ಮಗಾ?"

"ನನ್ನ ಮೂಗು."

"ಸರಿಯಾಗಿ ನೋಡು."

"ಸರಿಯಾಗಿಯೇ ನೋಡಿದೆ ಅಜ್ಜ. ಮೂಗೇ."

ಅಜ್ಜ ಸೋಲಲಿಲ್ಲ. ಮೂಗು ಎಂದರೆ ಮುಂದಕ್ಕೆ ಚಾಚಿದ ಗುಡ್ಡ ಎಂದು ಅರ್ಥ ಹೇಳಿ, ಉರಿಬಿಸಿಲಿನಲ್ಲಿ ಗಂಡಸರನ್ನೆಲ್ಲ ಗುಡ್ಡ ಹತ್ತಿಸಿದರು. ಅವರು ಮೇಲೆ ಕೂಗುತ್ತಿದ್ದಾಗ ಆಡು ಕೆಳಗೆ ರುಖಿಯಮ್ಮನ ಬಸಳೆ ಚಪ್ಪರ ತಿನ್ನುತ್ತಿತ್ತು. "ನಾವು ಕೂಗಿದ್ದಕ್ಕೆ ಹೆದರಿ ಇಳಿದು ಬಂದದ್ದು" ಎಂದರು ಅಜ್ಜ. ಅದ್ರಾಮ ಒಪ್ಪಲಿಲ್ಲ: "ಹಸಿವಾದ್ರೆ ಆಡು ಬರ್ತದೆ ಮಾರಾಯ್ರೆ. ಅದಕ್ಕೂ ಮೂಗಿಗೂ ಎಂತ ಸಂಬಂಧ?"

ನಾನೂ ವಿಚಾರಿಸಿದೆ. ಓದು ಹತ್ತದ ಮಕ್ಕಳಿಗೆ ಬೇರೆ ಶಕ್ತಿ ಇರುವುದು ನಿಜವೇ ಎಂದು ಶಾಲೆಯ ಕೃಷ್ಣಮೋಹನ ಮೇಷ್ಟ್ರನ್ನು ಕೇಳಿದೆ. "ಇಂಥ ಇಬ್ಬರನ್ನು ಕಂಡಿದ್ದೇನೆ. ಒಬ್ಬ ಎಂಥ ಬೀಗವನ್ನೂ ಬಿಚ್ಚಿ ಜೋಡಿಸ್ತಿದ್ದ. ಇನ್ನೊಬ್ಬ ಊಟ ಚೆಂದ ಮಾಡ್ತಿದ್ದ, ಅಷ್ಟೇ. ಓದು ಬರುವ ಮಕ್ಕಳೂ ಹಾಗೇ ಅಲ್ವಾ?" ಎಂದರು. ಇಬ್ಬರನ್ನು ಕಂಡು ತೀರ್ಮಾನ ಬರೆಯಲಾಗದು. ಉಂಟು ಎನ್ನಲು ನನ್ನಲ್ಲಿ ಆಧಾರವಿಲ್ಲ, ಇಲ್ಲ ಎನ್ನಲೂ ಇಲ್ಲ.

ಆದರೆ ಆಡಿನ ಗಲಾಟೆ ಮುಗಿದ ಮೇಲೆ ಸೇವಂತಿ ಬಂದು ಕೇಳಿದಳು: "ಮಾವ, ನನಗೆ ಎಂತ ವಿಶೇಷವೂ ಇಲ್ಲದಿದ್ರೆ ಶಾಲೆಗೆ ಹೋಗ್ಲಿಕ್ಕೆ ಬಿಡುದಿಲ್ವಾ?"

ಅಕ್ಕಾ, ಅಲ್ಲಿಗೆ ನನ್ನ ನಗು ನಿಂತಿತು. ಓದು ಬಾರದ್ದಕ್ಕೆ ಈ ಮಗು ಊರಿಗೊಂದು ಪವಾಡ ಮಾಡಿ ತೋರಿಸಬೇಕೆಂದು ಯಾವ ಕಾನೂನಿನಲ್ಲಿದೆ? ಅವಳಿಗೆ ಬೇಕಾದದ್ದು ಓದು.

ಅವಳು ನಾಲ್ಕನೇ ತರಗತಿಯವಳಾದರೂ ಈಗ ಓದು ಕಲಿಯಲು ಮೇಷ್ಟ್ರು ಅವಳನ್ನು ಒಂದನೇ ತರಗತಿಯ ಮರಳಿನ ಮುಂದೆ ಕೂರಿಸಿದ್ದಾರೆ. ಬೆರಳಿನಿಂದ ದೊಡ್ಡದಾಗಿ ಬರೆಯುವುದು, ಬಾಯಿಬಿಟ್ಟು ಹೇಳುವುದು, ಅಳಿಸಿ ತಿರುಗಿ ಬರೆಯುವುದು. ಚಿಕ್ಕವರು "ಅಜ್ಜಿ ಬಂದ್ರು" ಎಂದು ನಗುತ್ತಾರೆ. ಇವಳು ಅವರ ಕೆನ್ನೆಗೆ ಮರಳು ಹಚ್ಚಿ ಮುಂದುವರಿಸುತ್ತಾಳೆ. ನಿನ್ನೆ ಬಸ್ಸಿನ ಹಲಗೆ ನೋಡಿ "ಪಂಜ" ಎಂದು ಓದಿದಳು. ಮುಂದಿನ ಹೆಸರು ಓದುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಡ್ರೈವರನಿಗೆ ಬೈದಳು.

ಆದ್ದರಿಂದ ಶನಿವಾರ ಅವಳು ಬರುವುದಿಲ್ಲ. ಜಗಲಿಯಲ್ಲಿ ಕೂತವರಿಗೆ ಕಾಫಿ ಕೊಟ್ಟು, ಎದ್ದು ಹೋಗಿ ದನ ಹುಡುಕಲು ಹೇಳು. ಭಾವನಿಗೆ ನನ್ನ ನಮಸ್ಕಾರ. ಕೊಟ್ಟಿಗೆಯೂ ಮನೆಯೂ ತುಂಬಿರಲಿ, ನೀವೆಲ್ಲ ಸುಖವಾಗಿರಿ.

ಇದೇ ೨೩, ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾಲ್ಕನೇ ತರಗತಿಯ ಪರೀಕ್ಷೆ. ಪ್ರಶ್ನೆಗಳನ್ನು ಮೇಷ್ಟ್ರು ಓದಿ ಹೇಳುತ್ತಾರೆ. ಸೇವಂತಿ ಬಾಯಲ್ಲಿ ಉತ್ತರ ಹೇಳುತ್ತಾಳೆ.

ನಿನ್ನ ತಮ್ಮ,
ಅಚ್ಚುತ