ಬೀಗರು ತಂದ ವೈನು

ಬ್ರ್ಯಾಂಪ್ಟನ್,
೮ ಜೂನ್ ೨೦೦೩

ಪ್ರೀತಿಯ ಈರಕ್ಕನಿಗೆ ರಾಜಲಕ್ಷ್ಮಿಯ ಶರಣುಗಳು.

ನಮ್ಮ ಸುರಭಿಯ ಮದುವೆ ರಿಸೆಪ್ಶನ್ ಹೇಗಾಯಿತೆಂದು ನೀನು ಮೇಲಿಂದ ಮೇಲೆ ಕೇಳಿ ಬರೆದೆ. ಇಷ್ಟು ತಿಂಗಳು ನಾನು ಪೆನ್ನು ಮುಟ್ಟಲಿಲ್ಲ, ಬೈಯಬೇಡ. ಬರೆಯಲು ಕುಳಿತಾಗಲೆಲ್ಲ ಸಿಟ್ಟು ಉಕ್ಕಿ ಬರುತ್ತಿತ್ತು. ಇವತ್ತೂ ಇಳಿದಿಲ್ಲ, ಆದರೂ ಬರೆಯುತ್ತೇನೆ. ನಿನ್ನ ಮೊಣಕಾಲು ಈಗ ಹೇಗಿದೆ?

ಅಳಿಯನ ತಂದೆತಾಯಿ ಜನವರಿಯಲ್ಲಿ ಫ್ರಾನ್ಸಿನಿಂದ ಬಂದರು. ಬೋರ್ಡೋ ಕಡೆಯಲ್ಲಿ ತಲೆತಲಾಂತರದಿಂದ ಕೆಂಪು ವೈನು ಮಾಡುವ ಮನೆತನ. ರಿಸೆಪ್ಶನ್ನಿಗೆಂದು ತಮ್ಮ ವೈನಿನ ಪೆಟ್ಟಿಗೆಗಳನ್ನೇ ತಂದಿದ್ದರು. ನಾನು ರೊಟ್ಟಿ ಬಡಿಯುವುದನ್ನು ನೋಡುತ್ತ ಬೀಗರು ಅಡುಗೆಮನೆಯಲ್ಲೇ ಕುಳಿತು ಅದರ ಕಥೆಯನ್ನೆಲ್ಲ ಹೇಳಿದರು. ಸುರಭಿ ನನಗೆ ತಿಳಿಸಿ ಹೇಳುತ್ತಿದ್ದಳು. ಮುತ್ತಜ್ಜನ ಕಾಲಕ್ಕೆ ಬೇರಿಗೆ ಹುಳ ಬಿದ್ದು ತೋಟವೆಲ್ಲ ಸತ್ತುಹೋಯಿತಂತೆ. ಹುಳಕ್ಕೆ ಬಗ್ಗದ ಬೇರನ್ನು ಅಮೆರಿಕದಿಂದ ತರಿಸಿ, ಅದಕ್ಕೆ ತಮ್ಮ ಬಳ್ಳಿ ಕಸಿ ಕಟ್ಟಿ, ಮೊದಲಿನಿಂದ ಬೆಳೆಸಿದರಂತೆ. ಕೆಂಪು ಬರುವುದು ಸಿಪ್ಪೆಯಿಂದ, ಅದಕ್ಕೇ ರಸವನ್ನು ಸಿಪ್ಪೆಯ ಜೊತೆಗೇ ಹುದುಗಿಸುತ್ತಾರೆ. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ಒಂದೂವರೆ ವರ್ಷ. ಕೊನೆಗೆ ತತ್ತಿಯ ಬಿಳಿ ಭಾಗವನ್ನು ಕಡೆದು ಹಾಕಿದರೆ ಅದು ಒಗರನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಾಟಲಿಗೆ ತುಂಬುತ್ತಾರೆ.

ನಮ್ಮ ಮನೆಯವರಿಗೆ ನೆಪ ಸಿಕ್ಕಿತು ನೋಡು! "ತತ್ತಿ ಹಾಕ್ತಾರಂತ! ಲಿಂಗಾಯತರ ಫಂಕ್ಷನ್ನಿನಾಗ ಅದನ್ನ ಹೆಂಗ ಇಡೂದು? ನಾ ಸಂಘದ ಪ್ರೆಸಿಡೆಂಟ್ ಇದ್ದೀನಿ, ಮಂದಿ ಏನಂದಾರು?" ಎಂದರು. ಶನಿವಾರ ಬಂತೆಂದರೆ ಇದೇ ಮಂದಿ ನಮ್ಮ ಬೇಸ್‌ಮೆಂಟಿನಲ್ಲಿ ಸ್ಕಾಚ್ ಕುಡಿದು ಹೋಗುತ್ತಾರೆ. ರಿಸೆಪ್ಶನ್ನಿಗೆ ಇವರೇ ಹೇಳಿ ಮಾಡಿಸಿದ ಕೇಕಿನಲ್ಲಿ ತತ್ತಿ ಇರಲಿಲ್ಲವೇ? ಎಲ್ಲರೂ ಬೆರಳು ಚೀಪಿಕೊಂಡು ತಿಂದರು.

ರಿಸೆಪ್ಶನ್ ಹಾಲ್‌ನಲ್ಲಿ ವೈನಿಗೆ ಪರ್ಮಿಟ್ ಇಲ್ಲವೆಂದು ಬೀಗರಿಗೆ ಸುಳ್ಳು ಹೇಳಿ, ಅವರು ತಂದ ಪೆಟ್ಟಿಗೆಗಳನ್ನು ಯಾರಿಗೂ ತಿಳಿಸದೆ ಗ್ಯಾರೇಜಿಗೆ ಸಾಗಿಸಿದರು. ಮೈಕ್ ಹಿಡಿದು, "ನಮ್ಮ ಬೀಗರದ್ದು ದೊಡ್ಡ ಒಕ್ಕಲುತನ, ದ್ರಾಕ್ಷಿ ಬೆಳೀತಾರ" ಎಂದಷ್ಟೇ ಹೇಳಿದರು. ವೈನಿನ ಸುದ್ದಿಯೇ ಇಲ್ಲ. ಪಾಪ, ಬೀಗರಿಗೆ ಕನ್ನಡ ಬಾರದು. ಚಪ್ಪಾಳೆ ಕೇಳಿ ಎದ್ದು ನಿಂತು ಎಲ್ಲರಿಗೂ ಕೈಮುಗಿದರು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಮನೆಯಲ್ಲಾದರೂ ಒಂದು ಬಾಟಲಿ ತೆರೆಯೋಣವೆಂದು ಬೀಗರು ಕೇಳಿದರು. ಗ್ಯಾರೇಜಿನ ಬಾಗಿಲು ತೆಗೆದರೆ ವೈನೆಲ್ಲ ಹೆಪ್ಪುಗಟ್ಟಿ ಬೂಚು ಮೇಲೆದ್ದಿದೆ, ಕೆಲವು ಬಾಟಲಿ ಒಡೆದು ಟೈರುಗಳ ಸುತ್ತ ಕೆಂಪು ಬರ್ಫ. ಬೀಗರ ತಂದೆ ಸಾಯುವ ಮುಂಚೆ ಕೊನೆಯದಾಗಿ ಮಾಡಿದ ವೈನಂತೆ ಅದು. ಬೀಗರು ಗಾಜಿನ ಚೂರು ಆರಿಸಲು ಕುಳಿತರು.

ಇವರು ಏನಂದರು ಗೊತ್ತೇ? "ಗ್ಯಾರೇಜ್ ಇಷ್ಟು ಥಂಡಿ ಆಗ್ತದಂತ ನನಗೇನ ಗೊತ್ತು?" ಮೂವತ್ತು ವರ್ಷದಿಂದ ಈ ದೇಶದಲ್ಲಿ ಬರ್ಫ ಕೆರೆಯುತ್ತಿರುವ ಎಂಜಿನಿಯರ್ ಆಡುವ ಮಾತೇ ಇದು? ಸುರಭಿ, "ಡ್ಯಾಡ್, ಯು ಆರ್ ಅಷೇಮ್ಡ್ ಆಫ್ ದೆಮ್" ಎಂದವಳೇ ಅತ್ತೆಮಾವನನ್ನು ಕರೆದುಕೊಂಡು ಹೋಟೆಲಿಗೆ ಹೋದಳು. ಅಲ್ಲಿಂದಲೇ ಅಳಿಯನೂ ಸೇರಿ ನಾಲ್ವರೂ ಫ್ರಾನ್ಸಿನ ವಿಮಾನ ಹತ್ತಿದರು.

ಇವರಿಗೆ ಈಗಲೂ ತಪ್ಪು ತಿಳಿದಿಲ್ಲ. "ಹುಡುಗಿ ಸಿಟ್ಟು, ನಾಕ ದಿನದಾಗ ಇಳೀತದ" ಎನ್ನುತ್ತಾರೆ. ಊಟಕ್ಕೆ ಬಡಿಸುತ್ತೇನೆ, ಮಾತು ಬಿಟ್ಟಿದ್ದೇನೆ.

ಮಾವನವರಿಗೆ ನಮಸ್ಕಾರ ಹೇಳು. ಮಕ್ಕಳು ಮೊಮ್ಮಕ್ಕಳು ಸುಖವಾಗಿರಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ರಾಜಲಕ್ಷ್ಮಿ

ತಾ.ಕ.: ಸುರಭಿ ಈಗ ಐದು ತಿಂಗಳ ಬಸುರಿ, ಅಕ್ಕಾ. ಬಾಣಂತನಕ್ಕೆ ನಾನೇ ಅಲ್ಲಿಗೆ ಬರುತ್ತೇನೆಂದು ನಿನ್ನೆ ಫೋನ್ ಮಾಡಿದ್ದೆ. "ಬ್ಯಾಡ ಅವ್ವಾ, ಅತ್ತಿ ನೋಡ್ಕೋತಾರ. ನೀ ಯಾರ ಮನಿಗೆ ಹೊಂಟೀನಂತ ಸಂಘದ ಮಂದಿಗೆ ಹೇಳ್ತಿ?" ಎಂದಳು.